ಒಪ್ಪು, ತಪ್ಪು, ಒಂದು ಕರು

ಆಂಟಿಯ ಫೋನ್ ಬಂದಾಗ ನಾನು ಬಿಟಿಎಂನ ಆಫೀಸಿನಲ್ಲಿ, ಕಿವಿಗೆ ಹೆಡ್‌ಸೆಟ್ ಸಿಕ್ಕಿಸಿಕೊಂಡು, ಯಾರೋ ಒಬ್ಬರಿಗೆ "ನಿಮ್ಮ ಫ್ರಿಜ್ ಇವತ್ತು ಸಂಜೆಯೊಳಗೆ ಖಂಡಿತ ರಿಪೇರಿಯಾಗುತ್ತದೆ ಸರ್" ಎಂದು ಹೇಳುತ್ತಿದ್ದೆ. ಆಗುವುದಿಲ್ಲ ಎಂದು ನನಗೆ ಗೊತ್ತಿತ್ತು. ಸಂಬಳ ಕೊಡುವುದೇ ಹಾಗೆ ಹೇಳುವುದಕ್ಕೆ. ಮೇಜಿನ ಮೇಲಿನ ಮೊಬೈಲ್ ಮೂರು ಸಲ ನಡುಗಿತು. ನಾಲ್ಕನೇ ಸಲ ಎತ್ತಿಕೊಂಡೆ.

"ಅಂಕಲ್ ಹೋಗ್ಬಿಟ್ರು ಕಣಮ್ಮ" ಎಂದರು ಆಂಟಿ.

ಹೋಗುತ್ತಾರೆ ಎಂದು ಹತ್ತು ದಿನದಿಂದ ಗೊತ್ತಿದ್ದದ್ದೇ. ಹತ್ತು ದಿನದ ಹಿಂದೆ ಅವರ ಎದುರಿಗೇ ಅದನ್ನು ಹೇಳಿದವಳು ನಾನು. ಆದರೂ ಹೆಡ್‌ಸೆಟ್ ಕಿತ್ತು ಮೇಜಿನ ಮೇಲೆ ಒಗೆದು ಎದ್ದು ನಿಂತೆ. ಆ ಮನುಷ್ಯ ನನ್ನನ್ನು ಗಾಬರಿಪಡಿಸಿದ್ದು ಅದು ಎಷ್ಟನೆಯ ಸಲವೋ. ಸತ್ತೂ ಬಿಡಲಿಲ್ಲ.

ಅವರು ನನಗೆ ನೆಂಟರಲ್ಲ, ನಮ್ಮೂರಿನವರೂ ಅಲ್ಲ. ಬಾಗಲಕೋಟೆ ಕಡೆಯಿಂದ ಬಂದ ನಾನು ಕತ್ರಿಗುಪ್ಪೆಯಲ್ಲಿ ಆರು ವರ್ಷ ಬಾಡಿಗೆಗಿದ್ದ ಮನೆಯ ಓನರ್. ಕತ್ರಿಗುಪ್ಪೆ ಹಳ್ಳಿಯಾಗಿದ್ದಾಗ ಅಲ್ಲಿ ರಾಗಿ ಬೆಳೆದು, ಎಮ್ಮೆ ಹಸು ಸಾಕಿದ ಮನೆತನ. ಹೊಲವೆಲ್ಲ ಲೇಔಟ್ ಆದ ಮೇಲೆ ಉಳಿದ ತುಂಡಿನಲ್ಲಿ ಮೂರಂತಸ್ತು ಕಟ್ಟಿಸಿ, ಕೆಳಗೆ ತಾವಿದ್ದು, ಮೇಲೆ ಬಾಡಿಗೆಗೆ ಬಿಟ್ಟಿದ್ದರು. ಎದುರಿನ ಅಪಾರ್ಟ್‌ಮೆಂಟಿಗೆ ಕೈ ತೋರಿಸಿ, "ಮೂರನೇ ಫ್ಲೋರಲ್ಲಿ ಬಟ್ಟೆ ಒಣಗಾಕಿದ್ದಾರಲ್ಲ, ಅಲ್ಲೇ ಕಣಮ್ಮ ನಮ್ಮ ಎಮ್ಮೆ ಕಟ್ತಿದ್ದಿದ್ದು" ಎನ್ನುತ್ತಿದ್ದರು. ಎಮ್ಮೆ ಮೂರನೇ ಫ್ಲೋರಿಗೆ ಹೇಗೆ ಹತ್ತಿತು ಎಂದು ನಾನು ಕೇಳಲೇಬೇಕು, ಅವರು ನಗಲೇಬೇಕು. ಆರು ವರ್ಷವೂ ಅದೇ ಜೋಕು, ಅದೇ ನಗು.

ಆರಡಿ ಆಳು. ಬಿಳಿ ಪಂಚೆ, ಮೊಣಕೈವರೆಗೆ ಮಡಚಿದ ಅಂಗಿ, ದಿನಾ ಬೆಳಿಗ್ಗೆ ಹರಳೆಣ್ಣೆ ಹಚ್ಚಿ ತೀಡಿದ ಮೀಸೆ. ಮನೆ ನೋಡಲು ಹೋದ ದಿನ ಆ ಮೀಸೆ ಕಂಡೇ ನನಗೆ ಅರ್ಧ ಉಸಿರು ನಿಂತಿತ್ತು. ಒಂಟಿ ಹುಡುಗಿ, ಯಾವ ಜನ, ಮಾಂಸ ತಿಂತೀಯಾ, ಮದುವೆ ಯಾವಾಗ ಎಂದೆಲ್ಲ ಕೇಳುತ್ತಾರೆಂದು ಉತ್ತರ ಬಾಯಿಪಾಠ ಮಾಡಿಕೊಂಡು ಹೋಗಿದ್ದೆ. ಅವರು ಕೇಳಿದ್ದು ಒಂದೇ ಪ್ರಶ್ನೆ.

"ಈ ಹಾರೋರು, ಗೋಡೆ ಹತ್ತೋರು, ಸೂಪರ್‌ಹೀರೋ ಸಿನಿಮಾ ನೋಡ್ತೀಯೇನಮ್ಮ?"

ಇದು ನನ್ನ ನಡತೆ ಪರೀಕ್ಷೆ ಎಂದುಕೊಂಡು, "ಇಲ್ರಿ, ನಾ ಸಿನಿಮಾ ನೋಡಂಗಿಲ್ರಿ" ಎಂದೆ.

"ನೋಡಲ್ವಾ!" ಮುಖ ಸಪ್ಪಗಾಯಿತು. ಒಳಗೆ ತಿರುಗಿ ಕೂಗಿದರು: "ಲೇ, ಈ ಹುಡುಗೀನೂ ನೋಡಲ್ವಂತೆ ಕಣೇ."

"ಒಳ್ಳೇದಾಯ್ತು ಬಿಡಿ, ಮನೇಲಿ ಒಬ್ರು ಸಾಕು" ಎಂದು ಅಡುಗೆಮನೆಯಿಂದ ಉತ್ತರ ಬಂತು. ಮನೆ ಕೊಟ್ಟರು. ತಿಂಗಳೊಳಗೆ ನನಗೆ ಸಿನಿಮಾ ಚಟವನ್ನೂ ಹಚ್ಚಿದರು.

ಗೇಟಿನ ಪಕ್ಕದ ಗೋಡೆಗೆ ಒಂದು ಕರಿಹಲಗೆ ಹೊಡೆಸಿದ್ದರು. ಕಾವೇರಿ ನೀರು ಯಾವ ದಿನ, ಎಷ್ಟು ಗಂಟೆಗೆ ಬರುತ್ತದೆ ಎಂದು ಬಾಡಿಗೆಯವರಿಗೆ ತಿಳಿಸಲು ಹಾಕಿಸಿದ್ದು ಅದು. ಆದರೆ ಯಾವುದೇ ಹೊಸ ಸಿನಿಮಾ ನೋಡಿ ಬಂದ ದಿನ ಅವರು ನೀರಿನ ಸಾಲಿನ ಕೆಳಗೆ ಒಂದು ಉದ್ದ ಗೀರು ಎಳೆದು, ಒಂದು ಕಡೆ 'ಒಪ್ಪು', ಇನ್ನೊಂದು ಕಡೆ 'ತಪ್ಪು' ಎಂದು ಬರೆದು ಸಾಲು ತುಂಬಿಸುತ್ತಿದ್ದರು. ಪೂರ್ತಿ ಒಪ್ಪು ಅಂತ ಒಂದು ಸಿನಿಮಾಕ್ಕೂ ಬರೆದವರಲ್ಲ. ಪೂರ್ತಿ ತಪ್ಪು ಅಂತಲೂ ಬರೆದವರಲ್ಲ. "ಎರಡೂವರೆ ಗಂಟೆ ಕೂತಿದ್ದೀವಿ ಅಂದ್ಮೇಲೆ ಏನಾದ್ರೂ ಒಂದು ಒಳ್ಳೇದು ಕಂಡಿರ್ಲೇಬೇಕು. ಕಂಡಿಲ್ಲ ಅಂದ್ರೆ ನಿದ್ದೆ ಹೋಗಿದ್ದೆ ಅಂತ ಬರಿ" ಎನ್ನುತ್ತಿದ್ದರು. ಒಂದು ಸಲ ಹಾಗೇ ಬರೆದಿದ್ದರು ಕೂಡ.

ಆ ಹಲಗೆಯ ಮೇಲಿನ ಮಾತಿಗೆ ಬೀದಿಯಲ್ಲಿ ಬೆಲೆಯಿತ್ತು. ಕಾಲೇಜು ಹುಡುಗರು ಸ್ಕೂಟರ್ ನಿಲ್ಲಿಸಿ ಓದಿ, ಆಮೇಲೆ ಟಿಕೆಟ್ ಮಾಡಿಸುತ್ತಿದ್ದರು. ಮಗಳನ್ನು ಶ್ರೀನಗರಕ್ಕೆ ಕೊಟ್ಟಿದ್ದರು. ಆ ಅಳಿಯನ ತಮ್ಮ ಯಾವುದೋ ಸಿನಿಮಾದಲ್ಲಿ ಪೊಲೀಸ್ ವೇಷ ಹಾಕಿದ್ದ. ಬೀಗರೆಲ್ಲ ಸೇರಿ ನೋಡಿ, ಹೋಳಿಗೆ ಊಟ ಮುಗಿಸಿ ಹೊರಗೆ ಬಂದರೆ ಹಲಗೆಯ ಮೇಲೆ: 'ತಪ್ಪು: ನಮ್ಮ ಅಳಿಯನ ತಮ್ಮ. ನಟನೆ ಬರುವುದಿಲ್ಲ.' ಮಗಳು ಎರಡು ತಿಂಗಳು ತವರಿಗೆ ಕಾಲಿಡಲಿಲ್ಲ. ಆಂಟಿ ಅತ್ತು ಕರೆದು ಮಾಡಿದರು. ಅಂಕಲ್ ಅಳಿಸಲಿಲ್ಲ. "ಕಂಡಿದ್ದನ್ನ ಕಂಡಂಗೆ ಬರೆದಿದೀನಿ. ಪ್ರತ್ಯಕ್ಷ ಕಂಡರೂ ಪರಾಂಬರಿಸಿ ನೋಡು ಅಂತಾರೆ. ಪರಾಂಬರಿಸೋಕೆ ಇನ್ನೊಂದು ಸಲಾನೂ ನೋಡ್ದೆ. ಬರಲ್ಲ ಕಣೇ ಅವನಿಗೆ" ಎಂದರಂತೆ.

ಎಲ್ಲ ಹೀರೋಗಳಲ್ಲಿ ಅವರಿಗೆ ಒಬ್ಬನೆಂದರೆ ಪ್ರಾಣ. ಅವನ ಹೆಸರನ್ನು ಅವರು ಒಮ್ಮೆಯೂ ಹೇಳಿದ್ದು ನಾನು ಕೇಳಿಲ್ಲ. ದಾಯಾದಿಯ ಮಗನ ವಿಷಯ ಮಾತಾಡುವ ಹಾಗೆ 'ನಮ್ಮೋನು' ಎನ್ನುತ್ತಿದ್ದರು. ಆಂಟಿಗೆ ಅವನು 'ಆ ಹಾರೋನು'. ಮುಖವಾಡ, ನೀಲಿ ಹೊದಿಕೆ, ಎಲ್ಲ ಇದ್ದವನೇ. ಆದರೆ ಅವನಿಗೊಂದು ಕಟ್ಟು ಇತ್ತು. ಅಂಕಲ್ ಮರುಳಾಗಿದ್ದು ಅದಕ್ಕೇ.

"ಅವನು ಒಬ್ನೇ ಹಾರೋಕಾಗಲ್ಲ ಕಣಮ್ಮ. ಸುಮ್ನಿದ್ದಾಗ ನಮ್ಮ ನಿಮ್ಮ ಥರ ಬಸ್ಸಿಗೆ ಕಾಯ್ತಾನೆ. ಬಿದ್ದೋರನ್ನ ಯಾರನ್ನಾದ್ರೂ ಎತ್ಕೊಂಡ್ರೆ ಮಾತ್ರ ಕಾಲು ನೆಲ ಬಿಡುತ್ತೆ. ಭಾರ ಇದ್ರೇನೇ ಹಾರೋದು! ಇದನ್ನ ಯೋಚಿಸಿದೋನು ತಲೆ ಇರೋನು."

ಮೊದಲನೆಯ ಭಾಗದ ಕೊನೆಯಲ್ಲಿ ಆ ಹೀರೋ ಒಬ್ಬನೇ ಒಂದು ಆಳವಾದ ಕಮರಿಗೆ ಬಿದ್ದಿದ್ದ. ಸುತ್ತ ಯಾರೂ ಇಲ್ಲ. ಎತ್ತಿಕೊಳ್ಳಲು ಯಾರೂ ಇಲ್ಲದಿದ್ದರೆ ಹಾರುವುದು ಹೇಗೆ, ಮೇಲೆ ಬರುವುದು ಹೇಗೆ? ಅಲ್ಲಿಗೆ ಸಿನಿಮಾ ನಿಂತಿತ್ತು. ಎರಡನೆಯ ಭಾಗಕ್ಕೆ ಏಳು ವರ್ಷ ಕಾಯಿಸಿದರು. ನಾನು ಆ ಮನೆಗೆ ಬಂದಾಗಿನಿಂದಲೂ ಅಂಕಲ್ ಸಂಪ್‌ನ ಮುಚ್ಚಳ ತೆಗೆಯುವಾಗ, ವಾಲ್ವ್ ತಿರುಗಿಸುವಾಗ, ಟ್ಯಾಂಕ್ ಇಣುಕುವಾಗ ಅದನ್ನೇ ಚಿಂತಿಸುತ್ತಿದ್ದರು.

"ಕಮರೀಲಿ ಏನಾದ್ರೂ ಒಂದು ಜೀವ ಇರ್ಲೇಬೇಕು. ಮೇಕೆ ಮರಿನೋ, ಕರುನೋ. ಹಿಂದೆ ನಮ್ಮ ಬಾವಿಗೆ ಕರು ಬಿದ್ದಾಗ ನಮ್ಮಪ್ಪ ಇಳಿದು, ಹೆಗಲ ಮೇಲೆ ಹಾಕ್ಕೊಂಡು ಹತ್ತಿ ಬಂದ್ರು. ಒಬ್ರೇ ಆಗಿದ್ರೆ ಹತ್ತೋಕೆ ಆಗ್ತಿರ್ಲಿಲ್ಲ, ಕರು ಇದ್ದಿದ್ದಕ್ಕೆ ಹತ್ತಿದೆ ಅಂತಿದ್ರು."

ಆ ಮಾತು ನನ್ನ ತಲೆಯಲ್ಲಿ ಉಳಿದುಕೊಂಡಿತು. ಉಳಿಯಬಾರದಿತ್ತು.

ಸಿನಿಮಾ ಬರುವುದಕ್ಕೆ ಎರಡು ವರ್ಷ ಮುಂಚೆ, ಒಂದು ಮುಸ್ಸಂಜೆ, ನಾನು ಟೆರೇಸಿನ ಮೆಟ್ಟಿಲು ಹತ್ತುತ್ತಿದ್ದೆ. ಮೇಲೆ ಅಂಕಲ್ ಯಾರೊಂದಿಗೋ ಮಾತಾಡುತ್ತಿದ್ದರು. "ಯಾಕಮ್ಮ ಒಬ್ಳೇ ನಿಂತಿದೀಯ, ಊರಿಂದ ಫೋನ್ ಬಂದಿತ್ತಾ? ಊಟ ಆಯ್ತಾ?" ಹೋಗಿ ನೋಡಿದರೆ ಅವರು ಮಾತಾಡಿಸುತ್ತಿದ್ದದ್ದು ತಂತಿಯ ಮೇಲೆ ಒಣಗಿದ್ದ ನನ್ನ ನೈಟಿಯನ್ನು. ನನಗೆ ನಗು ಉಕ್ಕಿ ಬಂತು. "ಅಂಕಲ್, ನಾ ಇಲ್ಲಿ ಅದೇನ್ರಿ" ಎಂದೆ. ಅವರು ನನ್ನ ದನಿಯ ಕಡೆ ತಿರುಗಿದರು. ಕಣ್ಣು ಮಾತ್ರ ನನ್ನ ಮೇಲೆ ನಿಲ್ಲಲಿಲ್ಲ.

ಕಣ್ಣಿನ ನರ ಒಣಗುತ್ತಾ ಬರುವ ಕಾಯಿಲೆ. ಹೋದ ದೃಷ್ಟಿ ಮರಳುವುದಿಲ್ಲ, ಇರುವುದನ್ನು ಹನಿ ಹಾಕಿ ಉಳಿಸಿಕೊಳ್ಳಬೇಕು ಎಂದು ಡಾಕ್ಟರು ಹೇಳಿದ್ದರಂತೆ. "ಪೈಪಿನೊಳಗಿಂದ ನೋಡಿದಂಗೆ ಕಣಮ್ಮ. ಬಿಸಿಲಲ್ಲಿ ಪರವಾಗಿಲ್ಲ. ಮಬ್ಬಾದ್ರೆ ಮುಗೀತು." ಸ್ಕೂಟರ್ ಮಾರಿದ್ದು ಪೆಟ್ರೋಲ್ ದುಬಾರಿ ಎಂದಲ್ಲ ಎಂದು ಆಗ ಹೊಳೆಯಿತು. ಹಲಗೆಯ ಮೇಲೆ ಅಕ್ಷರಗಳು ತಿಂಗಳು ತಿಂಗಳು ದಪ್ಪಗಾಗುತ್ತಾ ಬಂದದ್ದೂ ಹೊಳೆಯಿತು.

"ಆಂಟಿಗೆ ಹೇಳ್ರಿ" ಎಂದೆ.

"ಹೇಳಿದ್ರೆ ಟ್ಯಾಂಕ್ ಹತ್ತೋಕೆ ಬಿಡಲ್ಲ. ಕುರ್ಚಿ ಹಾಕಿ ಕೂರಿಸಿಬಿಡ್ತಾಳೆ. ನಿನ್ ಕೈ ಮುಗೀತೀನಿ, ಬಾಯ್ಬಿಡ್ಬೇಡ. ನಮ್ಮೋನು ಬರೋವರ್ಗೂ ಈ ಕಣ್ಣು ಇದ್ರೆ ಸಾಕು. ಅವನು ಹೆಂಗೆ ಮೇಲೆ ಬಂದ ಅಂತ ಒಂದು ನೋಡ್ಬೇಕು."

ಅಷ್ಟು ದೊಡ್ಡ ಆಳು, ಅಷ್ಟು ಸಣ್ಣ ಆಸೆ. ನಾನು ಬಾಯಿಬಿಡಲಿಲ್ಲ.

ಆ ಸಿನಿಮಾದವರಿಗೇನು ಗೊತ್ತು! ಯುಗಾದಿಗೆ ಎಂದರು, ಮುಂದೆ ಹಾಕಿದರು. ದಸರಾಕ್ಕೆ ಎಂದರು, ಮತ್ತೆ ಮುಂದೆ ಹಾಕಿದರು. ಗ್ರಾಫಿಕ್ಸ್ ಮುಗಿದಿಲ್ಲವಂತೆ. ಪ್ರತಿ ಸಲವೂ ಅಂಕಲ್ ನೀರಿನ ಸಾಲಿನ ಕೆಳಗೆ 'ನಮ್ಮೋನು ಮುಂದಕ್ಕೆ ಹೋಗಿದ್ದಾನೆ' ಎಂದು ಬರೆಯುತ್ತಿದ್ದರು. ಓದುವವರಿಗೆ ಅದು ತಮಾಷೆ. ಇತ್ತ ಅವರ ಪೈಪು ದಿನದಿನಕ್ಕೆ ಕಿರಿದಾಗುತ್ತಿತ್ತು.

ಕೊನೆಗೂ ಬಂತು. ಶುಕ್ರವಾರ, ಬೆಳಗಿನ ಮೊದಲ ಆಟ. ಜ್ವರ ಎಂದು ಆಫೀಸಿಗೆ ಸುಳ್ಳು ಹೇಳಿ ನಾನು ಅವರ ಜೊತೆ ಹೋದೆ. ಆಂಟಿ ಕಾಗದದಲ್ಲಿ ಕೋಡುಬಳೆ ಕಟ್ಟಿಕೊಟ್ಟಿದ್ದರು. ಮಾಲ್‌ನ ಸೆಕ್ಯುರಿಟಿಯವನು ಪಂಚೆಯ ಆಳನ್ನು ಮೇಲಿಂದ ಕೆಳಗೆ ನೋಡಿ ಕೋಡುಬಳೆಯನ್ನು ಬಿಟ್ಟುಬಿಟ್ಟ. ಲೈಟು ಆರಿದ್ದೇ ಅವರ ಕೈ ಬಂದು ನನ್ನ ಮಣಿಕಟ್ಟು ಹಿಡಿಯಿತು.

ಸಿನಿಮಾ ಬಗ್ಗೆ ನನ್ನದೂ ಎರಡು ಮಾತು ಹೇಳಿಬಿಡುತ್ತೇನೆ. ಶುರುವಿನ ಅರ್ಧ ಗಂಟೆ ಸಖತ್ತಾಗಿತ್ತು. ಬಿಸಿಲಿನ ಊರು, ಮಗ ಸತ್ತನೆಂದು ನಂಬದೆ ದಿನಾ ತಟ್ಟೆಗೆ ಬಡಿಸುವ ತಾಯಿ. ಅಂಕಲ್ ಅಷ್ಟನ್ನೂ ತಮ್ಮ ಕಣ್ಣಿಂದಲೇ ನೋಡಿದರು, ಕಣ್ಣೊರೆಸಿಕೊಂಡರು. ಆಮೇಲೆ ಏನಾಯಿತೋ, ಪರದೆ ಪೂರ್ತಿ ಕತ್ತಲೆ. ರಾತ್ರಿ, ಮಳೆ, ಹೊಗೆ. ಕಣ್ಣಿದ್ದ ನನಗೇ ಯಾರು ಯಾರಿಗೆ ಹೊಡೆಯುತ್ತಿದ್ದಾರೆಂದು ತಿಳಿಯುತ್ತಿರಲಿಲ್ಲ. ನಾನು ಅವರ ಕಿವಿಗೆ ಬಾಯಿಟ್ಟು, ಹಿಂದಿನ ಸಾಲಿನವರಿಂದ ಬೈಸಿಕೊಳ್ಳುತ್ತಾ, ಕಂಡಷ್ಟನ್ನು ಕಂಡ ಹಾಗೆ ಹೇಳುತ್ತಾ ಹೋದೆ. ಆಣೆ ಮಾಡಿ ಹೇಳುತ್ತೇನೆ, ಆ ಒಂದು ಕ್ಷಣದವರೆಗೆ ನಾನು ಒಂದಕ್ಷರವನ್ನೂ ಸೇರಿಸಿರಲಿಲ್ಲ.

ಕಮರಿಯ ದೃಶ್ಯ ಬಂತು. ಮಾತಿಲ್ಲ, ಬರೀ ಸಂಗೀತ. ಹೀರೋ ಕಲ್ಲುಗಳ ನಡುವೆ ಬಿದ್ದಿದ್ದಾನೆ. ಅಂಕಲ್ ಉಸಿರು ಬಿಗಿಹಿಡಿದದ್ದು ನನ್ನ ಮಣಿಕಟ್ಟಿಗೆ ಗೊತ್ತಾಗುತ್ತಿತ್ತು. ಅವನು ಸುತ್ತ ನೋಡಿದ. ಯಾರೂ ಇಲ್ಲ. ಕಣ್ಣು ಮುಚ್ಚಿದ. ಕೈ ಅಗಲಿಸಿದ. ಅಷ್ಟೆ, ಒಬ್ಬನೇ ಎದ್ದು ಹಾರಿಬಿಟ್ಟ!

ನನಗೆ ಕಪಾಳಕ್ಕೆ ಬಾರಿಸಿದ ಹಾಗಾಯಿತು. ಮೊದಲಿಂದಲೂ ಒಬ್ಬನೇ ಹಾರಬಲ್ಲವನಾಗಿದ್ದನಂತೆ, ಅವನಿಗೇ ಗೊತ್ತಿರಲಿಲ್ಲವಂತೆ. ಇಷ್ಟಕ್ಕಾಗಿ ಏಳು ವರ್ಷ? ಬೆಟ್ಟ ಅಗೆದು ಇಲಿ ಹಿಡಿದಿದ್ದರು. ಹಾಲ್ ತುಂಬ ಶಿಳ್ಳೆ. ಆ ಗದ್ದಲದಲ್ಲಿ ಅಂಕಲ್ ನನ್ನ ಕೈ ಜಗ್ಗಿದರು.

"ಏನಾಯ್ತಮ್ಮ? ಬಂದ್ನಾ? ಯಾರನ್ನ ಎತ್ಕೊಂಡ?"

ನಾನು ದಿನಕ್ಕೆ ನೂರು ಜನರಿಗೆ ಬೇಕಾದ ಉತ್ತರ ಕೊಟ್ಟು ಬದುಕುವವಳು. ನಾಲಿಗೆ ತಾನಾಗಿ ಹೊರಳಿತು.

"ಒಂದು ಕರು ಐತ್ರಿ ಅಂಕಲ್. ಕಲ್ಲಿನ ಸಂದಿಯಾಗ ಸಿಕ್ಕೊಂಡಿತ್ತು. ಅದನ್ನ ಹೆಗಲ ಮ್ಯಾಲೆ ಹಾಕ್ಕೊಂಡು ಹಾರಿದ ನೋಡ್ರಿ."

"ನಾನ್ ಹೇಳಿರ್ಲಿಲ್ವಾ" ಎಂದರು. ಅವರ ಮೀಸೆ ಒದ್ದೆಯಾಗಿತ್ತು. ನನಗೆ ಪುಣ್ಯ ಮಾಡಿದಷ್ಟು ಖುಷಿಯಾಯಿತು. ಎಂಥ ಖುಷಿಯೋ ಅದು!

ಆಟೋದಿಂದ ಇಳಿದವರೇ ನೆಟ್ಟಗೆ ಹಲಗೆಯ ಹತ್ತಿರ ನಡೆದರು. ಉರಿಬಿಸಿಲು. ಬೆರಳಿನಿಂದ ಜಾಗ ಅಳೆದು ಅಳೆದು ಬರೆದರು. ತಪ್ಪು: 'ಕತ್ತಲೆ ಜಾಸ್ತಿ. ಹೊಡೆದಾಟ ಅತಿಯಾಯಿತು. ತಾಯಿಯನ್ನು ಅರ್ಧಕ್ಕೇ ಮರೆತುಬಿಟ್ಟಿದ್ದಾರೆ.' ಒಪ್ಪು: 'ತಾಯಿ ತಟ್ಟೆಗೆ ಬಡಿಸುವುದು. ಕಮರಿಯಿಂದ ಕರು ಎತ್ತಿಕೊಂಡು ಮೇಲೆ ಬರುವುದು. ಏಳು ವರ್ಷ ಕಾದದ್ದಕ್ಕೆ ಈ ಕರು ಒಂದು ಸಾಕು.'

ಪಕ್ಕದಲ್ಲಿ ಸೀಮೆಸುಣ್ಣದ ಡಬ್ಬಿ ಹಿಡಿದು ನಿಂತಿದ್ದವಳು ನಾನೇ. ಹಲಗೆಯ ವಿಚಾರ ನನಗೆ ಥಿಯೇಟರಿನಲ್ಲಿ ನೆನಪೇ ಬಂದಿರಲಿಲ್ಲ. 'ಕರು' ಎಂಬ ಎರಡು ಅಕ್ಷರ ಮೂಡುವಾಗ ತಡೆಯಬಹುದಿತ್ತು, ತಡೆಯಲಿಲ್ಲ.

ಮರುದಿನ ಬೆಳಿಗ್ಗೆಯೇ ಶುರುವಾಯಿತು. ಕಾಲೇಜು ಹುಡುಗರಿಬ್ಬರು ಸ್ಕೂಟರ್ ನಿಲ್ಲಿಸಿ ಓದಿ, ಹೊಟ್ಟೆ ಹಿಡಿದುಕೊಂಡು ನಕ್ಕರು. "ಅಂಕಲ್, ಕರು ಯಾವ ಥಿಯೇಟರಲ್ಲಿ ಬಂತು? ನಮ್ ಕಡೆ ಕಟ್ ಮಾಡ್ಬಿಟ್ಟವ್ರೆ ಗುರು!" ಮೂಲೆಯ ಸಲೂನಿನವನು ಹಲಗೆಯ ಫೋಟೋ ಹೊಡೆದು ಏರಿಯಾದ ವಾಟ್ಸಾಪ್ ಗುಂಪಿಗೆ ಹಾಕಿದ. ಸಂಜೆಯೊಳಗೆ ಅವರು 'ಕರು ಅಂಕಲ್' ಆಗಿದ್ದರು. ಅದಾದರೂ ಪರವಾಗಿಲ್ಲ. ಗುಂಪಿನಲ್ಲಿ ಯಾರೋ ಬರೆದರು: 'ಈ ಯಜಮಾನರು ಸಿನಿಮಾ ನೋಡದೇ ಬರೀತಾರೆ. ಇಷ್ಟು ವರ್ಷ ಬರೆದಿದ್ದೂ ಹೀಗೇ ಇರಬೇಕು.' ಅಳಿಯನ ತಮ್ಮ ಅದರ ಕೆಳಗೆ ಹೆಬ್ಬೆರಳು ಎತ್ತಿದ್ದ.

ಕುಂಬಾರನಿಗೆ ವರುಷ, ದೊಣ್ಣೆಗೆ ನಿಮಿಷ. ಮಗಳ ಮುನಿಸನ್ನೂ ಲೆಕ್ಕಿಸದೆ ಅವರು ಕಟ್ಟಿಕೊಂಡಿದ್ದ ಮಾತಿನ ಬೆಲೆಯನ್ನು ನಾನು ಒಂದು ಪಿಸುಮಾತಿನಲ್ಲಿ ಒಡೆದಿದ್ದೆ.

ಭಾನುವಾರ ಬಟ್ಟೆ ಒಗೆದು ಇಳಿಯುತ್ತಿದ್ದಾಗ ಅಂಕಲ್ ಮೆಟ್ಟಿಲ ಬುಡದಲ್ಲಿ ಕುರ್ಚಿ ಹಾಕಿಕೊಂಡು ಕೂತಿದ್ದರು. ನನ್ನ ಹೆಜ್ಜೆ ಗುರುತಿಸಿ, ತಲೆಯೆತ್ತದೆ ಕೇಳಿದರು.

"ಕರು ಯಾವ ಬಣ್ಣ ಇತ್ತಮ್ಮ?"

ಬಾಗಿಲು ತೆರೆದು ಒಳಗೆ ಕರೆದ ಹಾಗಿತ್ತು ಆ ಪ್ರಶ್ನೆ. ನಿಜ ಹೇಳಿ ಅತ್ತುಬಿಟ್ಟಿದ್ದರೆ ಅಲ್ಲಿಗೇ ಮುಗಿಯುತ್ತಿತ್ತು. ನಾನು ಏನು ಮಾಡಿದೆ ಗೊತ್ತೇ? "ಕಂದು ಬಣ್ಣರಿ. ಹಣಿ ಮ್ಯಾಲೆ ಬಿಳೇ ಚುಕ್ಕಿ" ಎಂದೆ. ಈಗಲೂ ಆ ಚುಕ್ಕಿ ನೆನಪಾದರೆ ನನ್ನ ಮೇಲೇ ನನಗೆ ಹೇಸಿಗೆಯಾಗುತ್ತದೆ.

"ಹ್ಞೂಂ" ಎಂದರು. ಅಷ್ಟೆ.

ಮಂಗಳವಾರ ಸಂಜೆ ಆಫೀಸಿನಿಂದ ಬಂದರೆ ಗೇಟಿನ ಮುಂದೆ ಜನ. ಯಾರಿಗೆ ಏನಾಯಿತೋ ಎಂದು ಓಡಿದೆ. ಯಾರೂ ನಗುತ್ತಿರಲಿಲ್ಲ. ಸಲೂನಿನವನು ಮೊಬೈಲನ್ನು ಜೇಬಿಗಿಟ್ಟು ಕೈಕಟ್ಟಿ ನಿಂತಿದ್ದ. ಒಳಗೆ ಮೆಟ್ಟಿಲ ಮೇಲೆ ಆಂಟಿ ಸೆರಗು ಬಾಯಿಗೆ ಒತ್ತಿಕೊಂಡು ಕೂತಿದ್ದರು. ಹಲಗೆಯ ಮೇಲೆ ಇಷ್ಟಿಷ್ಟು ದಪ್ಪ ಅಕ್ಷರದಲ್ಲಿ ಬರೆದಿತ್ತು:

'ಇವತ್ತು ಮತ್ತೆ ಹೋಗಿ ಪಕ್ಕದ ಸೀಟಿನವರನ್ನು ಕೇಳಿದೆ. ಕರು ಇಲ್ಲ. ಅವನು ಒಬ್ಬನೇ ಹಾರುತ್ತಾನೆ. ನನಗೆ ಎರಡು ವರ್ಷದಿಂದ ಕಣ್ಣು ಸರಿಯಾಗಿ ಕಾಣುವುದಿಲ್ಲ. ಕಾಣದೆ ಇದ್ದದ್ದನ್ನು ಕಂಡೆ ಎಂದು ಬರೆದದ್ದು ನನ್ನ ತಪ್ಪು. ನೀರು ಗುರುವಾರ ಬೆಳಿಗ್ಗೆ ಆರಕ್ಕೆ.'

ಮೂರು ಸಲ ಓದಿದೆ. ನನ್ನ ಹೆಸರು ಎಲ್ಲೂ ಇರಲಿಲ್ಲ. ಎರಡು ವರ್ಷ ಹೆಂಡತಿಯಿಂದಲೂ ಮುಚ್ಚಿಟ್ಟಿದ್ದನ್ನು ಆ ಮನುಷ್ಯ ಬೀದಿಯ ಗೋಡೆಗೆ ಬರೆದಿದ್ದರು, ಒಂದು ಸುಳ್ಳು ಕರು ಅಲ್ಲಿ ಉಳಿಯಬಾರದೆಂದು. ಭೂಮಿ ಬಾಯಿಬಿಡಬಾರದೇ ಎನಿಸಿತು.

ಮರುದಿನ ಬೆಳಿಗ್ಗೆ ಹೋಗಿ ಅವರ ಕಾಲ ಬಳಿ ಕೂತೆ. "ನಾ ಸುಳ್ಳು ಹೇಳಿದ್ನಿರಿ ಅಂಕಲ್" ಎಂದೆ. ಅಳು ತಡೆಯಲಾಗಲಿಲ್ಲ.

"ಗೊತ್ತು."

"ಯಾವಾಗಿಂದ್ರಿ?"

"ಚುಕ್ಕಿ ಹೇಳ್ದಲ್ಲ, ಆಗ. ಅಷ್ಟು ಕತ್ತಲೇಲಿ ಚುಕ್ಕಿ ಯಾರಿಗಮ್ಮ ಕಾಣುತ್ತೆ?"

"ಮತ್ತ ನನ್ನ ಹೆಸರು ಯಾಕ ಬರೀಲಿಲ್ರಿ?"

"ಬೋರ್ಡು ನಂದಲ್ವಾ. ನೀನ್ ಹೇಳ್ದೆ, ನಾನ್ ಬರ್ದೆ. ನೋಡ್ದೆ ಬರೆದೋನು ನಾನು." ಮೀಸೆ ತೀಡಿಕೊಂಡರು. ಆಮೇಲೆ, "ನಿನ್ ಕರು ಚೆನ್ನಾಗಿತ್ತು ಕಣಮ್ಮ. ಅವ್ರಿಗೆ ಹೊಳೀಲಿಲ್ವಲ್ಲ ಅಂತ ಬೇಜಾರು. ಆದ್ರೆ ಇಲ್ದೆ ಇರೋದು ಇಲ್ದೆ ಇರೋದೇ. ಕಣ್ಣು ಹೋಗಿರೋನಿಗೆ ಇನ್ನೇನಮ್ಮ ಉಳಿದಿದೆ, ಜೊತೇಲಿರೋರ ಮಾತು ತಾನೆ? ಅದನ್ನೂ ನಂಬೋಕಾಗ್ದೆ ಇದ್ರೆ ನಾನು ನಿಜವಾಗ್ಲೂ ಕುರುಡ ಆಗ್ತೀನಿ. ಇನ್ಮೇಲೆ ಕಂಡಿದ್ದು ಹೇಳು. ಕಹಿ ಇದ್ರೂ ಹೇಳು" ಎಂದರು.

ಆಂಟಿ ಎಂಟು ದಿನ ಗಂಡನೊಂದಿಗೆ ಮಾತು ಬಿಟ್ಟರು, ಟ್ಯಾಂಕಿನ ಏಣಿಯನ್ನು ತೆಗೆಸಿ ಗುಜರಿಗೆ ಹಾಕಿಸಿದರು. ಕೆಳಗಿನ ವಾಲ್ವ್‌ಗಳನ್ನು ಮಾತ್ರ ಅಂಕಲ್ ಯಾರಿಗೂ ಬಿಟ್ಟುಕೊಡಲಿಲ್ಲ. "ವಾಲ್ವ್‌ಗೆ ಕಣ್ಣು ಬೇಡ, ಕೈ ಸಾಕು." ಆ ಮನೆಯಲ್ಲಿ ಯಾವ ವಾಲ್ವ್ ಯಾರ ಮನೆಗೆ ಎಂದು ಗೊತ್ತಿದ್ದದ್ದು ಅವರ ಕೈಗೆ ಮಾತ್ರ. ಕಾಲೇಜು ಹುಡುಗರು ಮಾರನೇ ವಾರವೇ ಬಂದು, "ಸಾರಿ ಅಂಕಲ್" ಎಂದು ಹೇಳಿ, ಹೊಸ ಸಿನಿಮಾಕ್ಕೆ ಅವರನ್ನು ಕರೆದರು. ಅಂಕಲ್ ಹೋಗಲಿಲ್ಲ. ಕಾದರು, ನನಗೆ ರಜೆ ಸಿಗುವವರೆಗೆ. ಅಲ್ಲಿಂದ ಮುಂದೆ ನೋಡುವವಳು ನಾನು, ಕೇಳುವವರು ಅವರು. ಸೀಮೆಸುಣ್ಣ ನನ್ನ ಕೈಗೆ ಬಂತು. ಒಂದು ಸುಳ್ಳನ್ನೂ ಹೇಳಲಿಲ್ಲ. ಕಷ್ಟವಾಗುತ್ತಿತ್ತು, ಕೇಳುವವರಿಗೆ ಹಿತವಾಗುವ ಹಾಗೆ ಹೇಳುವುದೇ ನನ್ನ ಹೊಟ್ಟೆಪಾಡು, ಅಭ್ಯಾಸ.

ಕಳೆದ ವರ್ಷ ನಾನು ಮನೆ ಬದಲಿಸಿ ಜೆ.ಪಿ. ನಗರಕ್ಕೆ ಹೋದೆ. ಈ ವರ್ಷ ಅವರಿಗೆ ಲಿವರ್ ಕೆಟ್ಟಿತು. ಹತ್ತು ದಿನದ ಹಿಂದೆ ಆಸ್ಪತ್ರೆಗೆ ನೋಡಲು ಹೋದಾಗ ವಾರ್ಡ್ ತುಂಬ ನೆಂಟರು. "ಪರವಾಗಿಲ್ವೇ, ಮುಖದಲ್ಲಿ ಕಳೆ ಬಂದಿದೆ." "ಇನ್ನೆರಡು ದಿನ, ಮನೇಗೆ ಹೋಗ್ಬಹುದು." ಆಂಟಿಯೂ ಅದನ್ನೇ ಹೇಳುತ್ತಿದ್ದರು, ಡಾಕ್ಟರು ಕಾರಿಡಾರಿನಲ್ಲಿ ಏನು ಹೇಳಿದ್ದಾರೆಂದು ಗೊತ್ತಿದ್ದೂ. ನನ್ನನ್ನು ಕಂಡು, ನಿಜ ಹೇಳಬೇಡ ಎಂದು ಕಣ್ಣಲ್ಲೇ ಬೇಡಿಕೊಂಡರು. ಅಂಕಲ್ ನನ್ನ ದನಿ ಕೇಳಿದ್ದೇ ಎಲ್ಲರನ್ನೂ ಹೊರಗೆ ಕಳಿಸಿದರು. ಕಣ್ಣು ಆಗ ಪೂರ್ತಿ ಹೋಗಿತ್ತು.

"ಹೇಳಮ್ಮ. ಹೆಂಗಿದೀನಿ?"

'ಆರಾಮ ಅದೀರಿ' ಎಂಬ ಮಾತು ಹಲ್ಲಿನವರೆಗೆ ಬಂದಿತ್ತು. ಅವರ ಕೈ ಹುಡುಕುತ್ತಾ ಬಂದು ನನ್ನ ಮಣಿಕಟ್ಟು ಹಿಡಿಯಿತು, ಥಿಯೇಟರಿನಲ್ಲಿ ಹಿಡಿದ ಹಾಗೆಯೇ.

"ಚಲೋ ಇಲ್ರಿ ಅಂಕಲ್" ಎಂದೆ. "ಮುಖ ಬಾತೈತಿ. ಮೈಯೆಲ್ಲ ಹಳದಿ ಆಗೈತಿ. ಕೈ ಭಾಳ ಸಣ್ಣ ಆಗ್ಯಾವ."

ಅವರು ಕಾದರು.

"ಒಪ್ಪು ಏನೂ ಇಲ್ವಾ?"

"ಮೀಸಿ ಐತ್ರಿ. ಮೀಸಿ ಮಾತ್ರ ಹಂಗಽ ಐತಿ."

ಇನ್ನೊಂದು ಕೈಯಿಂದ ಮೀಸೆ ಮುಟ್ಟಿ ನೋಡಿಕೊಂಡು ನಕ್ಕರು. ನಗು ಕೆಮ್ಮಾಯಿತು. ಕೆಮ್ಮು ನಿಂತ ಮೇಲೆ ಮೆಲ್ಲಗೆ ಕೇಳಿದರು.

"ಕರು ಗಿರು ಏನೂ ಇಲ್ಲ ತಾನೆ?"

"ಇಲ್ರಿ ಅಂಕಲ್" ಎಂದೆ. "ಕರು ಇಲ್ಲ."

ಮಣಿಕಟ್ಟು ಬಿಟ್ಟರು. "ಸರಿ ಹಂಗಾದ್ರೆ. ನಿಮ್ಮ ಆಂಟೀನ ಕರಿ" ಎಂದರು. ಆಂಟಿ ಬಂದು ನನ್ನ ಮುಖ ನೋಡಿದರು, ಅರ್ಥ ಮಾಡಿಕೊಂಡರು, ಮಂಚದ ಅಂಚಿ‌ನಲ್ಲಿ ಕೂತರು. ಅಂಕಲ್ ಆಂಟಿಯ ಬಲಗೈಯನ್ನು ತಮ್ಮ ಎರಡೂ ಕೈಯೊಳಗೆ ತೆಗೆದುಕೊಂಡರು.

"ಸರಿಯಾಗಿ ಕೇಳಿಸ್ಕೋ. ಗುರುವಾರ ಆರಕ್ಕೆ ನೀರು ಬರುತ್ತೆ. ಮೊದಲು ಗೋಡೆ ಪಕ್ಕದ ವಾಲ್ವ್. ಪೂರ್ತಿ ತಿರುಗಿಸ್ಬೇಡ, ಎಡಕ್ಕೆ ಅರ್ಧ ಸುತ್ತು."

ಆಂಟಿ ಅಳುತ್ತಲೇ, ಅವರ ಕೈಯೊಳಗಿದ್ದ ತಮ್ಮ ಕೈಯನ್ನು ಎಡಕ್ಕೆ ಅರ್ಧ ಸುತ್ತು ತಿರುಗಿಸಿದರು.